ಕಡಲ ವಿದ್ಯುತ್: ಸ್ಥಾವರಕ್ಕಿಂತ ಮೊದಲು ಕಸುಬು

(ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಣ್ಣ ಕೈಗಾರಿಕೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಕೇರಳದ ವಿಳಿಂಜಂ ಅಂದರೆ ಈಗ ನಿಮಗೆ ದೊಡ್ಡ ಕಂಟೇನರ್ ಬಂದರು ನೆನಪಾಗಬಹುದು. ನಾನು ಅದಕ್ಕಿಂತ ಹಳೆಯ ಸಂಗತಿಯಿಂದ ಶುರು ಮಾಡುತ್ತೇನೆ. 1991ರಲ್ಲಿ ಅಲ್ಲಿನ ಮೀನುಗಾರಿಕೆ ಬಂದರಿನ ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ಪಕ್ಕದಲ್ಲಿ, ಅಲೆಯಿಂದ ವಿದ್ಯುತ್ ತಯಾರಿಸುವ ಸ್ಥಾವರವೊಂದು ಚಾಲೂ ಆಯಿತು. ಸಾಮರ್ಥ್ಯ 150 ಕಿಲೋವ್ಯಾಟ್. ಕಟ್ಟಿದವರು ಮದ್ರಾಸ್ ಐಐಟಿಯವರು. ದುಡ್ಡು ಕೊಟ್ಟದ್ದು ಕೇಂದ್ರದ ಸಾಗರ ಅಭಿವೃದ್ಧಿ ಇಲಾಖೆ. ಆಗ ಇಡೀ ಜಗತ್ತಿನಲ್ಲೇ ಇಂಥ ಸ್ಥಾವರಗಳು ಬೆರಳೆಣಿಕೆಯಷ್ಟು ಇದ್ದವು.

ಅದರ ಕೆಲಸ ಸರಳ. ಕಡಲ ತಳದ ಮೇಲೆ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ ಕೂರಿಸಿದ್ದರು. ಕೆಳಗಡೆ ಒಂದು ಬಾಯಿ. ಅಲೆ ಒಳಗೆ ನುಗ್ಗಿದಾಗ ಪೆಟ್ಟಿಗೆಯೊಳಗಿನ ನೀರು ಏರುತ್ತದೆ, ಮೇಲಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಅಲೆ ಹಿಂದೆ ಸರಿದಾಗ ಗಾಳಿ ಒಳಕ್ಕೆ ಬರುತ್ತದೆ. ಕಮ್ಮಾರನ ತಿದಿ ಒತ್ತಿ ಬಿಟ್ಟ ಹಾಗೆ. ಆ ಗಾಳಿಯ ದಾರಿಯಲ್ಲಿ ಒಂದು ಟರ್ಬೈನ್. ಗಾಳಿ ಒಳಗೆ ಬಂದರೂ ಹೊರಗೆ ಹೋದರೂ ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಬೆಲ್‌ಫಾಸ್ಟ್‌ನ ಪ್ರೊಫೆಸರ್ ಅಲನ್ ವೆಲ್ಸ್ ಕಂಡುಹಿಡಿದ ಟರ್ಬೈನ್ ಅದು. ವಿಳಿಂಜಂನಲ್ಲಿ ಅದು ತಿರುಗಿತು, ವಿದ್ಯುತ್ ಬಂತು. ಮುಂದೆ ಅದೇ ವಿದ್ಯುತ್ತಿನಿಂದ ಕಡಲ ನೀರನ್ನು ಕುಡಿಯುವ ನೀರಾಗಿಸುವ ಪ್ರಯೋಗವೂ ನಡೆಯಿತು. 2011ರಲ್ಲಿ ಸ್ಥಾವರ ಮುಚ್ಚಿತು.

ಅದೇ 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿ ಎಂಬಲ್ಲಿ, ಕಡಲೊಳಗೆ 11 ಗಾಳಿಯಂತ್ರಗಳನ್ನು ನಿಲ್ಲಿಸಿದರು. ಎಲ್ಲ ಸೇರಿ 5 ಮೆಗಾವ್ಯಾಟ್‌ಗೆ ಸ್ವಲ್ಪ ಕಡಿಮೆ. ಕಡಲ ಗಾಳಿಗೆ ಅದು ಜಗತ್ತಿನ ಮೊದಲ ವಿದ್ಯುತ್ ಕೇಂದ್ರ. ಅದೂ 2017ರಲ್ಲಿ ಮುಚ್ಚಿತು. ಆದರೆ ಅಷ್ಟರಲ್ಲಿ ಉತ್ತರ ಸಮುದ್ರದ ಸುತ್ತ ಸಾವಿರಾರು ಗಾಳಿಯಂತ್ರಗಳು ನಿಂತಿದ್ದವು. ಅವುಗಳ ಹಿಂದೆ ಕಾರ್ಖಾನೆಗಳು, ಹಡಗುಗಳು, ಬಂದರುಗಳು, ಕಡಲಲ್ಲಿ ಕೇಬಲ್ ಹಾಸುವವರು, ಸಾವಿರಾರು ಕೆಲಸಗಳು ಹುಟ್ಟಿಕೊಂಡಿದ್ದವು. ವಿಳಿಂಜಂ ಮುಚ್ಚಿದಾಗ ನಮ್ಮಲ್ಲಿ ಉಳಿದದ್ದು ಒಳ್ಳೆಯ ಸಂಶೋಧನಾ ಪ್ರಬಂಧಗಳು ಮತ್ತು ಕೆಲವು ಒಳ್ಳೆಯ ಎಂಜಿನಿಯರುಗಳು.

ಗಾಳಿಯಂತ್ರ ಸುಲಭ, ಅಲೆಯಂತ್ರ ಕಷ್ಟ ಎಂದು ನೀವು ಹೇಳಬಹುದು. ನಿಜ. ಆದರೆ ಪೂರ್ತಿ ಉತ್ತರ ಅದಲ್ಲ. ವಿಂಡೆಬಿಯ ಯಂತ್ರಗಳನ್ನು ಮಾಡಿದ ಬೋನಸ್ ಕಂಪನಿ ಮೊದಲು ಏನು ಮಾಡುತ್ತಿತ್ತು ಗೊತ್ತಾ? ಹೊಲಕ್ಕೆ ನೀರು ಹಾಯಿಸುವ ಉಪಕರಣ. ಗಾಳಿಯಂತ್ರ ಮಾಡುವ ವೆಸ್ಟಾಸ್ ಕೂಡ ಮೊದಲು ಕೃಷಿ ಉಪಕರಣ ಮಾಡುತ್ತಿದ್ದ ಕಂಪನಿಯೇ. ಊರಿನ ವರ್ಕ್‌ಶಾಪ್‌ಗಳು ನೆಲದ ಮೇಲೆ ಹತ್ತು ವರ್ಷ ಗಾಳಿಯಂತ್ರ ಮಾಡಿ, ಮುರಿದು, ಮತ್ತೆ ಮಾಡಿ ಕಲಿತಿದ್ದವು. ಆಮೇಲೆ ಕಡಲಿಗೆ ಇಳಿದವು. ಎಸ್ಬಿಯರ್ ಎಂಬ ಅಲ್ಲಿನ ಮೀನುಗಾರಿಕೆ ಬಂದರು ಇವತ್ತು ಕಡಲ ಗಾಳಿಯಂತ್ರ ಸಾಗಿಸುವ ಬಂದರಾಗಿದೆ. ಅಂದರೆ ಅಲ್ಲಿ ಸ್ಥಾವರ ಬರುವ ಮೊದಲೇ ಕಸುಬು ಇತ್ತು. ನಮ್ಮಲ್ಲಿ ಸ್ಥಾವರ ಬಂತು, ಅದನ್ನು ಎತ್ತಿಕೊಳ್ಳಲು ಕಸುಬು ಇರಲಿಲ್ಲ. ಇವತ್ತು ನನ್ನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ.

ಈಗ ನಮ್ಮ ಕಡಲಿಗೆ ಬರೋಣ. ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಇದರಲ್ಲಿ ಎಷ್ಟು ಶಕ್ತಿ ಇದೆ? ಇಲ್ಲಿ ಸುಮ್ನೆ ಉತ್ಸಾಹ ಹುಟ್ಟಿಸುವುದು ನನಗೆ ಇಷ್ಟವಿಲ್ಲ, ಲೆಕ್ಕ ಇಡುತ್ತೇನೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಮತ್ತು ಅಲೆಗೂ ಅಲೆಗೂ ನಡುವಿನ ಸಮಯಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಜುಲೈ ತಿಂಗಳ ಅಬ್ಬರದ ದಿನ, 3 ಮೀಟರ್ ಅಲೆ, ಅಲೆಗೂ ಅಲೆಗೂ 9 ಸೆಕೆಂಡ್ ಎಂದಿಟ್ಟುಕೊಳ್ಳಿ. ಒಂದು ಮೀಟರ್ ಅಗಲದ ಅಲೆಯಲ್ಲಿ ಸುಮಾರು 40 ಕಿಲೋವ್ಯಾಟ್ ಇರುತ್ತದೆ. ಜನವರಿಯಲ್ಲಿ ಅಲೆ 70 ಸೆಂಟಿಮೀಟರ್, ನಡುವಿನ ಸಮಯ 6 ಸೆಕೆಂಡ್ ಆದರೆ? ಒಂದೂವರೆ ಕಿಲೋವ್ಯಾಟ್ ಕೂಡ ಇಲ್ಲ. ಒಂದೇ ಜಾಗ, ಆರು ತಿಂಗಳ ಅಂತರ, ಇಪ್ಪತ್ತೈದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಜುಲೈಗೆ ತಡೆಯುವಂತೆ ಯಂತ್ರ ಕಟ್ಟಬೇಕು, ಜನವರಿಯಲ್ಲಿ ಅದು ಸುಮ್ಮನೆ ಕೂತಿರುತ್ತದೆ.

ಇನ್ನು ಉಬ್ಬರ ಇಳಿತ. ಫ್ರಾನ್ಸಿನ ಲಾ ರಾನ್ಸ್‌ನಲ್ಲಿ 1966ರಿಂದ 240 ಮೆಗಾವ್ಯಾಟ್ ಸ್ಥಾವರ ನಡೆಯುತ್ತಿದೆ, ಕೊರಿಯಾದ ಸಿಹ್ವಾದಲ್ಲಿ 2011ರಿಂದ 254 ಮೆಗಾವ್ಯಾಟ್. ಅವೆಲ್ಲ ನೀರು ಹಲವು ಮೀಟರ್ ಏರಿಳಿಯುವ ಜಾಗಗಳು. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ಆ ಅಂತರ 10 ಮೀಟರ್ ದಾಟುತ್ತದೆ. ಮಂಗಳೂರು, ಕಾರವಾರದಲ್ಲಿ ಒಂದೂವರೆ, ಎರಡು ಮೀಟರ್. ಆ ದಾರಿ ನಮಗಿಲ್ಲ. ಕಡಲ ಮೇಲ್ಭಾಗದ ಬೆಚ್ಚನೆ ನೀರಿಗೂ ಆಳದ ತಣ್ಣೀರಿಗೂ ಇರುವ ವ್ಯತ್ಯಾಸದಿಂದ ವಿದ್ಯುತ್ ತೆಗೆಯುವ ದಾರಿ ಲಕ್ಷದ್ವೀಪಕ್ಕೆ ಸರಿ, ಅಲ್ಲಿ ದಡದ ಹತ್ತಿರವೇ ಆಳ ಸಿಗುತ್ತದೆ. ನಮ್ಮ ಕಡೆ ಆಳ ಸಿಗಬೇಕಾದರೆ ತುಂಬ ದೂರ ಹೋಗಬೇಕು.

ಕಡಲ ಗಾಳಿ? 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಜರಾತಿಗೆ 500 ಮೆಗಾವ್ಯಾಟ್, ತಮಿಳುನಾಡಿಗೆ 500. ಗಾಳಿ ಅಲ್ಲಿ ಚೆನ್ನಾಗಿದೆ, ಅದಕ್ಕೇ ಅಲ್ಲಿಗೆ. ಆದರೆ ಈ ಯೋಜನೆಯೊಳಗೆ ಒಂದು ಚಿಕ್ಕ ಅಂಕಿಯಿದೆ, ದಯವಿಟ್ಟು ಗಮನಿಸಿ. 7,453 ಕೋಟಿಯಲ್ಲಿ 600 ಕೋಟಿ ಇಟ್ಟಿರುವುದು ಎರಡು ಬಂದರುಗಳನ್ನು ಸಜ್ಜು ಮಾಡುವುದಕ್ಕೆ. ಗಾಳಿಯಂತ್ರ ತರುವ ಮೊದಲು ದಕ್ಕೆ (ಹಡಗು ನಿಲ್ಲುವ ಕಟ್ಟೆ) ಬೇಕು ಎಂದು ದೆಹಲಿಗೂ ಅರ್ಥವಾಗಿದೆ.

ಇನ್ನೊಂದು ಕಹಿ ಸತ್ಯವನ್ನೂ ಹೇಳಿಬಿಡುತ್ತೇನೆ. ನಮ್ಮ ಅಲೆಗಳು ಜೋರಾಗುವುದು ಜೂನ್‌ನಿಂದ ಸೆಪ್ಟೆಂಬರ್. ಅದೇ ಹೊತ್ತಿಗೆ ಚಿತ್ರದುರ್ಗ, ಗದಗದ ಗಾಳಿಯಂತ್ರಗಳೂ ಜೋರಾಗಿ ತಿರುಗುತ್ತಿರುತ್ತವೆ, ಲಿಂಗನಮಕ್ಕಿ ತುಂಬುತ್ತಿರುತ್ತದೆ. ರಾಜ್ಯಕ್ಕೆ ವಿದ್ಯುತ್ ಹೆಚ್ಚು ಬೇಕಾಗುವುದು ಫೆಬ್ರವರಿಯಿಂದ ಏಪ್ರಿಲ್, ಪಂಪ್‌ಸೆಟ್ಟೂ ಫ್ಯಾನೂ ಒಟ್ಟಿಗೆ ಓಡುವಾಗ. ಆಗ ಕಡಲು ಶಾಂತವಾಗಿರುತ್ತದೆ. ಹಾಗಾಗಿ ಕರಾವಳಿಯಿಂದ ಸಾವಿರ ಮೆಗಾವ್ಯಾಟ್ ತಂದು ಬೆಂಗಳೂರಿಗೆ ಬೆಳಕು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹಾಗಾದರೆ ಇಷ್ಟು ಹೊತ್ತು ನಿಮ್ಮನ್ನು ಯಾಕೆ ಕೂರಿಸಿದ್ದೇನೆ? ಕಡಲ ವಿದ್ಯುತ್ತಿನಲ್ಲಿ ಎರಡು ಬೇರೆ ಬೇರೆ ಸರಕುಗಳಿವೆ. ಒಂದು ವಿದ್ಯುತ್. ಇನ್ನೊಂದು ಆ ವಿದ್ಯುತ್ ತೆಗೆಯುವ ಯಂತ್ರ, ಅದರ ಬಿಡಿಭಾಗ, ಅದನ್ನು ಪರೀಕ್ಷಿಸುವ ಜಾಗ, ಕಡಲಿಗೆ ಇಳಿಸಿ ಎತ್ತುವ ಜನ. ಮೊದಲನೆಯದರಲ್ಲಿ ನಾವು ಗುಜರಾತಿಗೋ ಸ್ಕಾಟ್ಲೆಂಡಿಗೋ ಸಮ ಆಗುವುದಿಲ್ಲ. ಎರಡನೆಯದರಲ್ಲಿ ಆಗಬಹುದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸ್ಕಾಟ್ಲೆಂಡಿನ ಉತ್ತರದ ತುದಿಯಾಚೆ ಆರ್ಕ್ನಿ ಎಂಬ ದ್ವೀಪಗಳಿವೆ. ಜನಸಂಖ್ಯೆ ಇಪ್ಪತ್ತೆರಡು ಸಾವಿರದಷ್ಟು, ನಮ್ಮ ಒಂದು ಹೋಬಳಿಗೆ ಹತ್ತಿರ. ಅಲ್ಲಿ 2003ರಲ್ಲಿ ಯುರೋಪಿಯನ್ ಮರೀನ್ ಎನರ್ಜಿ ಸೆಂಟರ್ ಶುರುವಾಯಿತು. ಆ ಸಂಸ್ಥೆ ತಾನೇ ಯಂತ್ರ ಮಾಡುವುದಿಲ್ಲ. ಕಡಲೊಳಗೆ ಜಾಗ ಗುರುತಿಸಿ, ತಳದಲ್ಲಿ ಕೇಬಲ್ ಹಾಸಿ, ದಡದಲ್ಲಿ ಗ್ರಿಡ್‌ಗೆ ಜೋಡಿಸಿ, ಬೇಕಾದ ಅನುಮತಿಗಳ ದೊಡ್ಡ ಭಾಗವನ್ನು ತಾನೇ ಮೊದಲೇ ಪಡೆದು ಇಟ್ಟುಕೊಂಡಿತು. ನಿಮ್ಮ ಹತ್ತಿರ ಯಂತ್ರ ಇದ್ದರೆ ತನ್ನಿ, ಜೋಡಿಸಿ, ಪರೀಕ್ಷೆ ಮಾಡಿ, ಬಾಡಿಗೆ ಕೊಡಿ. ಅಷ್ಟೇ. ಒಂದು ಜಾಗ ಅಲೆಗೆ, ಇನ್ನೊಂದು ಉಬ್ಬರ ಇಳಿತದ ಪ್ರವಾಹಕ್ಕೆ. ಸಣ್ಣ ಮಾದರಿಗಳಿಗಾಗಿ ಅಲೆ ಕಡಿಮೆ ಇರುವ ನೀರಿನಲ್ಲಿ ಬೇರೆ ಜಾಗ.

2004ರಲ್ಲಿ ಅಲ್ಲೇ ಪೆಲಾಮಿಸ್ ಎಂಬ ಯಂತ್ರ ಅಲೆಯಿಂದ ಗ್ರಿಡ್‌ಗೆ ವಿದ್ಯುತ್ ಕೊಟ್ಟಿತು. ಕೆಂಪು ಬಣ್ಣದ, ಹಾವಿನಂತೆ ಉದ್ದದ ಯಂತ್ರ, ಫೋಟೋ ನೋಡಿರುತ್ತೀರಿ. ಹತ್ತು ವರ್ಷದ ಮೇಲೆ, 2014ರಲ್ಲಿ, ಆ ಕಂಪನಿ ದಿವಾಳಿಯಾಯಿತು. ಮರು ವರ್ಷ ಅಕ್ವಾಮರೀನ್ ಎಂಬ ಇನ್ನೊಂದು ಕಂಪನಿಯೂ ಹೋಯಿತು. ಅಲೆಯಂತ್ರದ ಕತೆ ಮುಗಿಯಿತು ಎಂದವರು ತುಂಬ ಜನ. ಆದರೆ ಆರ್ಕ್ನಿ ಮುಳುಗಲಿಲ್ಲ. ಕಂಪನಿಗಳು ಹೋದರೂ ಪರೀಕ್ಷೆಯ ಜಾಗ ಅಲ್ಲೇ ಇತ್ತು. ಯಂತ್ರ ಎಳೆದು ತರುವ ದೋಣಿಯವರು, ಲಂಗರು ಹಾಕುವವರು, ನೀರೊಳಗೆ ಇಳಿಯುವ ಮುಳುಗುಗಾರರು ಇದ್ದರು. ಪೆಲಾಮಿಸ್‌ನ ವಿನ್ಯಾಸದ ಹಕ್ಕುಗಳನ್ನು ಸ್ಕಾಟ್ಲೆಂಡ್ ಸರ್ಕಾರ ಕಟ್ಟಿದ ವೇವ್ ಎನರ್ಜಿ ಸ್ಕಾಟ್ಲೆಂಡ್ ಸಂಸ್ಥೆ ತೆಗೆದುಕೊಂಡಿತು, ಕಲಿತದ್ದು ಪೂರ್ತಿ ಕಳೆದುಹೋಗಲಿಲ್ಲ. 2021ರಲ್ಲಿ ಆರ್ಬಿಟಲ್ ಕಂಪನಿಯ 2 ಮೆಗಾವ್ಯಾಟ್ ತೇಲುವ ಟರ್ಬೈನ್ ಬಂದಾಗ ಅದನ್ನು ಕಡಲಲ್ಲಿ ಲಂಗರು ಹಾಕಿ ನಿಲ್ಲಿಸಲು ಗೊತ್ತಿದ್ದ ಜನ ಅದೇ ದ್ವೀಪದಲ್ಲಿ ಸಿದ್ಧವಾಗಿದ್ದರು. ವಿಳಿಂಜಂಗೂ ಆರ್ಕ್ನಿಗೂ ಇರುವ ವ್ಯತ್ಯಾಸ ಇದೇ ಅಲ್ವಾ?

ಇನ್ನೊಂದು ಜಾಗ ನಮಗೆ ಇನ್ನೂ ಹತ್ತಿರದ್ದು. ಸ್ಪೇನ್‌ನ ಬಾಸ್ಕ್ ಪ್ರಾಂತ್ಯ. ಅದು ಮಷಿನ್ ಟೂಲ್ ಕಸುಬಿನ ನಾಡು. ಲೇತ್, ಮಿಲ್ಲಿಂಗ್, ಗಿಯರ್, ಎರಕ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಅಲ್ಲಿ ಹೊಸದೇನೂ ಅನ್ನಿಸಲಿಕ್ಕಿಲ್ಲ. ಮುಟ್ರಿಕು ಎಂಬ ಊರಿನ ಬಂದರಿಗೆ ಬ್ರೇಕ್‌ವಾಟರ್ ಬೇಕಿತ್ತು. ಹೇಗೂ ಕಟ್ಟುತ್ತೇವಲ್ಲ ಎಂದು, ಅದರೊಳಗೇ 16 ಕೋಣೆಗಳನ್ನು ಬಿಟ್ಟು 16 ಸಣ್ಣ ಟರ್ಬೈನ್ ಕೂರಿಸಿದರು. ವಿಳಿಂಜಂನ ತತ್ವವೇ. 2011ರಲ್ಲಿ ಚಾಲೂ ಆಯಿತು, ಒಟ್ಟು ಸಾಮರ್ಥ್ಯ 300 ಕಿಲೋವ್ಯಾಟ್‌ಗೂ ಕಡಿಮೆ. ವಿದ್ಯುತ್ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಹೊಸ ಟರ್ಬೈನ್, ಹೊಸ ಕಂಟ್ರೋಲರ್ ಮಾಡಿದವರು ಅಲ್ಲಿಗೆ ತಂದು ನಿಜವಾದ ಅಲೆಯಲ್ಲಿ ಪರೀಕ್ಷಿಸಬಹುದು. ಹತ್ತಿರದಲ್ಲೇ ಆರ್ಮಿಂಟ್ಸಾ ಎಂಬಲ್ಲಿ ತೆರೆದ ಕಡಲಿನ ಪರೀಕ್ಷಾ ಜಾಗವೂ ಬಂತು. ವರ್ಕ್‌ಶಾಪ್‌ನಲ್ಲಿ ಬೆಳಗ್ಗೆ ಮಾಡಿದ ಭಾಗವನ್ನು ಸಂಜೆಯೊಳಗೆ ಕಡಲಿಗೆ ತರಬಹುದಾದ ದೂರ.

ನಮ್ಮಲ್ಲೂ ಇದಕ್ಕೆ ಬೇಕಾದ ತುಣುಕುಗಳಿವೆ. ಒಂದನ್ನೊಂದು ಭೇಟಿಯಾಗಿಲ್ಲ, ಅಷ್ಟೇ. ಬೆಂಗಳೂರಿನಲ್ಲಿ ಸೆಂಟ್ರಲ್ ಪವರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ, ವಿದ್ಯುತ್ ಉಪಕರಣಗಳ ಪರೀಕ್ಷೆಗೆ ದೇಶದ ಎಲ್ಲ ಕಡೆಯಿಂದ ಇಲ್ಲಿಗೆ ಬರುತ್ತಾರೆ. ಐಐಎಸ್‌ಸಿ ಇದೆ, ವಿಮಾನ ಸಂಶೋಧನೆಯ ಎನ್‌ಎಎಲ್ ಇದೆ, ಪೀಣ್ಯದ ಸಾವಿರಾರು ಸಣ್ಣ ಘಟಕಗಳಿವೆ. ಸುರತ್ಕಲ್‌ನ ಎನ್‌ಐಟಿಕೆ ಕಡಲ ದಂಡೆಯ ಮೇಲೇ ಇದೆ, ಅಲ್ಲಿ ಅಲೆಗಳ ಪಾಠ ದಶಕಗಳಿಂದ ನಡೆದಿದೆ. ಕಡಲ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಾರವಾರದ ಹತ್ತಿರ ಅಲೆ ಅಳೆಯುವ ತೇಲುಬುರುಡೆ ಇಟ್ಟಿದೆ.

ಮಲ್ಪೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೆಂಗಳೂರಿನವರಿಗೆ ಗೊತ್ತಿರುವುದು ಕಡಿಮೆ. ಮಲ್ಪೆ ಎಂದರೆ ನಾವು ಬೀಚು, ಸೇಂಟ್ ಮೇರೀಸ್ ದ್ವೀಪ ಎನ್ನುತ್ತೇವೆ. ಅಲ್ಲಿ ಒಂದು ಹಡಗು ಕಟ್ಟೆ ಇದೆ. ಮುಚ್ಚುವ ಹಂತಕ್ಕೆ ಬಂದಿದ್ದ ಆ ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡುಕೊಂಡಿತು. ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಅಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್‌ಗಳನ್ನು ಕಟ್ಟುತ್ತಾರೆ, ನಾರ್ವೆಯ ಕಂಪನಿಗೆ ಸರಕು ಹಡಗು ಕಟ್ಟುವ ಆರ್ಡರ್ ಕೂಡ ಬಂದಿದೆ. ಅದರ ಮಾತೃಸಂಸ್ಥೆ ಕೊಚ್ಚಿಯಲ್ಲಿ ಯುರೋಪಿನ ಕಡಲ ಗಾಳಿಯಂತ್ರಗಳ ನಿರ್ವಹಣೆಗೆ ಬೇಕಾದ ಹಡಗುಗಳ ಆರ್ಡರ್ ಪಡೆದಿದೆ. ನಮ್ಮ ಕಡಲಲ್ಲಿ ಒಂದೂ ಗಾಳಿಯಂತ್ರ ಇಲ್ಲದಿದ್ದರೂ ಆ ಕಸುಬಿನ ಒಂದು ಭಾಗ ಆಗಲೇ ನಮ್ಮ ದಡಕ್ಕೆ ಬಂದಿದೆ ಎಂದರ್ಥ. ಕಡಲ ಯಂತ್ರಕ್ಕೆ ಬೇಕಾದ ಉಕ್ಕು ಕತ್ತರಿಸುವುದು, ಬೆಸುಗೆ, ಪೇಂಟ್, ನೀರಿಗೆ ಇಳಿಸುವುದು, ಇದೆಲ್ಲ ಬಲ್ಲ ಕೈಗಳು ಅಲ್ಲಿವೆ.

ನಮ್ಮ ಕಡಲಿನ ಕಾಲಚಕ್ರವೂ ಪರೀಕ್ಷೆಗೆ ಅನುಕೂಲ ಎಂದು ನನ್ನ ಅಭಿಪ್ರಾಯ. ವಿದ್ಯುತ್ ಮಾರುವವನಿಗೆ ಇದು ತೊಂದರೆ ಎಂದು ಆಗಲೇ ಹೇಳಿದೆ. ಪರೀಕ್ಷೆ ಮಾಡುವವನಿಗೆ ಅದೇ ವರ. ಉತ್ತರ ಅಟ್ಲಾಂಟಿಕ್‌ನಲ್ಲಿ ಯಂತ್ರ ಕೆಟ್ಟರೆ ಹತ್ತಿರ ಹೋಗಲು ಒಳ್ಳೆಯ ದಿನಕ್ಕಾಗಿ ವಾರಗಟ್ಟಲೆ ಕಾಯಬೇಕಾಗುತ್ತದೆ. ನಮ್ಮಲ್ಲಿ ಅಕ್ಟೋಬರ್‌ನಿಂದ ಮೇ ತನಕ ಹೆಚ್ಚಿನ ದಿನ ಸಣ್ಣ ದೋಣಿಯಲ್ಲೇ ಹೋಗಿ ಬೋಲ್ಟ್ ಬಿಗಿಮಾಡಿ ಬರಬಹುದು. ಶಾಂತವಾದ ಎಂಟು ತಿಂಗಳು ಜೋಡಿಸಿ, ಸರಿಮಾಡಿ, ಸಣ್ಣ ಅಲೆಯಲ್ಲಿ ನೋಡಿ. ಆಮೇಲೆ ಮಳೆಗಾಲ ಅದಕ್ಕೆ ನಿಜವಾದ ಪರೀಕ್ಷೆ ಕೊಡುತ್ತದೆ. ಯಾವಾಗ ಕೊಡುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಇಂಥ ಕ್ಯಾಲೆಂಡರ್ ಇರುವ ಕಡಲು ಜಗತ್ತಿನಲ್ಲಿ ಜಾಸ್ತಿ ಇಲ್ಲ.

ಈಗ ಮೀನುಗಾರರ ಮಾತು. ಇದನ್ನು ಕೊನೆಯ ಸ್ಲೈಡಿನಲ್ಲಿ ‘ಸಾಮಾಜಿಕ ಪರಿಣಾಮ’ ಎಂದು ಒಂದು ಸಾಲು ಹಾಕಿ ಮುಗಿಸುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ ಪರಿಹಾರದ ಜಗಳ ದಶಕಗಳ ಕಾಲ ನಡೆಯಿತು. 2020ರ ಜನವರಿಯಲ್ಲಿ ಕಾರವಾರ ಬಂದರು ವಿಸ್ತರಣೆ ವಿರುದ್ಧ ಮೀನುಗಾರರು ಬೀದಿಗಿಳಿದರು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರೋಧ ವರ್ಷಗಳಿಂದ ನಡೆದಿದೆ. ಈ ನೆನಪುಗಳಿರುವ ದಡಕ್ಕೆ ಹೋಗಿ, ನಿಮ್ಮ ಕಡಲಲ್ಲಿ ಒಂದು ಚದರ ಕಿಲೋಮೀಟರ್ ಬಿಟ್ಟುಕೊಡಿ, ದೇಶಕ್ಕೆ ಒಳ್ಳೆಯದು ಎಂದರೆ ಯಾರು ನಂಬುತ್ತಾರೆ? ಬಲೆ ಸಿಕ್ಕಿಕೊಂಡು ಹರಿದರೆ ಯಾರು ಕೊಡುತ್ತಾರೆ ಎಂದು ಬೋಟು ನಡೆಸುವ ತಾಂಡೇಲ ಕೇಳಿದರೆ ನಿಮ್ಮ ಹತ್ತಿರ ಬರಹದಲ್ಲಿ ಉತ್ತರ ಇರಬೇಕು.

ಜಾಗ ಆರಿಸುವ ಕೆಲಸವೇ ಅವರಿಂದ ಶುರುವಾಗಲಿ ಎಂಬುದು ನನ್ನ ಒತ್ತಾಯ. ಮಲ್ಪೆಯ ಮೊಗವೀರರಿಗೆ, ಗಂಗೊಳ್ಳಿಯ ಖಾರ್ವಿಗಳಿಗೆ ಕಡಲ ತಳದಲ್ಲಿ ಎಲ್ಲಿ ಬಂಡೆ, ಎಲ್ಲಿ ಕೆಸರು, ಯಾವ ತಿಂಗಳು ಯಾವ ಕಡೆ ಸೆಳೆತ ಎಂದು ತಲೆಮಾರುಗಳಿಂದ ಗೊತ್ತು. ಅವರು ಮೀನು ಹಿಡಿಯದ ಜಾಗ ಯಾವುದು ಎಂದು ಅವರನ್ನೇ ಕೇಳಿ. ಸಮೀಕ್ಷೆಯ ದೋಣಿ ಅವರದ್ದೇ ಬಾಡಿಗೆಗೆ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಆ 61 ದಿನ ಬೋಟುಗಳು ದಕ್ಕೆಯಲ್ಲೇ ಇರುತ್ತವೆ. ಆ ಹೊತ್ತಿನಲ್ಲಿ ದಡದ ಮೇಲೆ ಬೆಸುಗೆ, ಹಗ್ಗ, ಲಂಗರಿನ ತರಬೇತಿ ಕೊಟ್ಟು, ದಿನಗೂಲಿಯನ್ನೂ ಕೊಟ್ಟರೆ, ಮುಂದಿನ ಅಕ್ಟೋಬರ್‌ನಲ್ಲಿ ಯಂತ್ರ ಇಳಿಸಲು ಆರ್ಕ್ನಿಯಿಂದ ಜನ ಕರೆಸಬೇಕಿಲ್ಲ.

ಇನ್ನು ದುಡ್ಡು. ಇದಕ್ಕೆ ನಮ್ಮದೇ ಚರಿತ್ರೆ ನೋಡೋಣ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹೊರಟಿತು. ಎಲ್ಲಿಗೆ? ಬೆಂಗಳೂರಿಗಲ್ಲ. ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಎಳೆಯುವುದು ದೊಡ್ಡ ಸಾಹಸ. ಮೈಸೂರು ಸರ್ಕಾರ ಅಷ್ಟು ಧೈರ್ಯ ಮಾಡಿದ್ದು ಯಾಕೆಂದರೆ, ಗಣಿ ನಡೆಸುವ ಕಂಪನಿ ಕೊಳ್ಳುತ್ತೇವೆ ಎಂದು ಮೊದಲೇ ಒಪ್ಪಂದ ಮಾಡಿಕೊಂಡಿತ್ತು. ಬೆಂಗಳೂರಿನ ದೀಪಗಳು ಹತ್ತಿದ್ದು 1905ರಲ್ಲಿ. ಹೊಸ ತಂತ್ರಜ್ಞಾನಕ್ಕೆ ಸಬ್ಸಿಡಿಗಿಂತ ಮೊದಲು ಬೇಕಾಗುವುದು ಕೈಬಿಡದ ಒಬ್ಬ ಗಿರಾಕಿ. ಬ್ರಿಟನ್ ಕೂಡ 2021ರಲ್ಲಿ ಇದನ್ನೇ ಮಾಡಿತು, ಉಬ್ಬರ ಇಳಿತದ ವಿದ್ಯುತ್ತಿಗೆ ಅಂತಲೇ ವರ್ಷಕ್ಕೆ 2 ಕೋಟಿ ಪೌಂಡ್ ಬೇರೆಯಾಗಿ ತೆಗೆದಿಟ್ಟಿತು. ಗಾಳಿ, ಬಿಸಿಲಿನ ಜೊತೆ ಬೆಲೆಯಲ್ಲಿ ಸ್ಪರ್ಧೆ ಮಾಡು ಎಂದು ಕೂಸಿಗೆ ಹೇಳಲಿಲ್ಲ.

ನಮ್ಮ ಮೊದಲ ಗಿರಾಕಿ ಗ್ರಿಡ್ ಆಗಬೇಕಿಲ್ಲ. ಜಪಾನಿನ ಯೋಶಿಯೊ ಮಸುದಾ ಅಲೆಯ ವಿದ್ಯುತ್ತನ್ನು ಮೊದಲು ಮಾರಿದ್ದು ಹಡಗುಗಳಿಗೆ ದಾರಿ ತೋರುವ ತೇಲುದೀಪಗಳಿಗೆ, 1960ರ ದಶಕದಲ್ಲಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯೂ ಅಲೆಯಿಂದ ಉರಿಯುವ ಅಂಥದ್ದೇ ತೇಲುದೀಪ ಮಾಡಿದೆ. 2022ರಲ್ಲಿ ಮದ್ರಾಸ್ ಐಐಟಿಯವರು ತೂತ್ತುಕುಡಿಯ ಹತ್ತಿರ ಸಿಂಧುಜಾ ಎಂಬ ಯಂತ್ರ ಇಳಿಸಿದರು, ಬಂದದ್ದು 100 ವ್ಯಾಟ್. ಹಳೆಯ ಕಾಲದ ಒಂದೇ ಬಲ್ಬಿನ ಲೆಕ್ಕ. ಆದರೆ ಕಡಲಲ್ಲಿ ಸೆನ್ಸರ್, ಕ್ಯಾಮೆರಾ ನಡೆಸಲು 100 ವ್ಯಾಟ್ ಸಾಕು. ಬಂದರುಗಳು, ಹವಾಮಾನ ಇಲಾಖೆ, ಕರಾವಳಿ ಕಾವಲು ಪೊಲೀಸರು, ಪಂಜರದಲ್ಲಿ ಮೀನು ಸಾಕುವವರು ಇಂಥ ಗಿರಾಕಿಗಳು. ಆಮೇಲೆ ಯಾವುದಾದರೂ ಬಂದರಿನ ಬ್ರೇಕ್‌ವಾಟರ್ ಹೊಸದಾಗಿ ಕಟ್ಟುವಾಗ ಮುಟ್ರಿಕು ಹಾಗೆ ನಾಲ್ಕು ಕೋಣೆ ಬಿಡಲಿ. ಆ ವಿದ್ಯುತ್ ದಕ್ಕೆಯ ಐಸ್ ಪ್ಲಾಂಟಿಗೆ ಹೋಗಲಿ, ಉಳಿದದ್ದನ್ನು ಮೆಸ್ಕಾಂ ನಿಗದಿತ ದರಕ್ಕೆ ಕೊಳ್ಳಲಿ. ಕಡಲ ವಿದ್ಯುತ್ತನ್ನು ನವೀಕರಿಸಬಹುದಾದ ಇಂಧನ ಎಂದು ಕೇಂದ್ರ 2019ರಲ್ಲೇ ಹೇಳಿರುವುದರಿಂದ ಕೊಂಡವರಿಗೆ ಅದು ಇಂತಿಷ್ಟು ನವೀಕರಿಸಬಹುದಾದ ವಿದ್ಯುತ್ ಕೊಳ್ಳಲೇಬೇಕು ಎಂಬ ಕಡ್ಡಾಯದ ಲೆಕ್ಕಕ್ಕೂ ಸಿಗುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಎದ್ದು ಕೇಳಿದರು: ಬಿಸಿಲಿನ ವಿದ್ಯುತ್ ಎರಡೂವರೆ ರೂಪಾಯಿಗೆ ಸಿಗುವಾಗ ಇದೆಲ್ಲ ಯಾಕೆ? ನ್ಯಾಯವಾದ ಪ್ರಶ್ನೆ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್‌ನ ಮೊದಲ ಟೆಂಡರ್‌ನಲ್ಲಿ ಅತಿ ಕಡಿಮೆ ದರವೇ ಯೂನಿಟ್‌ಗೆ 10 ರೂಪಾಯಿ 95 ಪೈಸೆ ಇತ್ತು. 2017ಕ್ಕೆ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಇಳಿಯಿತು. ಆದರೆ ಆ ಏಳು ವರ್ಷ ನಾವು ಹಾಕಿಕೊಂಡ ಫಲಕಗಳಲ್ಲಿ ಬಹುಪಾಲು ಹೊರದೇಶದವು. ಬೆಲೆ ಇಳಿಸುವ ಕಸುಬು ಬೇರೆಯವರ ಕೈಯಲ್ಲಿತ್ತು, ಲಾಭವೂ ಅಲ್ಲೇ ಹೋಯಿತು. ಕಡಲ ಯಂತ್ರದಲ್ಲಿ ಇನ್ನೂ ಯಾರೂ ಗೆದ್ದಿಲ್ಲ. ಒಂದೇ ವಿನ್ಯಾಸ ಸರಿ ಎಂದು ತೀರ್ಮಾನವೇ ಆಗಿಲ್ಲ. ಕಲಿಯಲು ಸೇರಿಕೊಳ್ಳಬೇಕಾದ ಹೊತ್ತು ಇದು.

ಪೀಣ್ಯದಲ್ಲಿ ಬೇರಿಂಗ್ ಮತ್ತು ಸೀಲ್ ಮಾಡುವ ಒಬ್ಬರು ಇನ್ನೂ ನೇರವಾಗಿ ಕೇಳಿದರು: ಸರ್, ಸರ್ಕಾರ ಮಾಡುವಾಗ ಮಾಡಲಿ, ನಾನು ಈ ವರ್ಷ ಏನು ಮಾಡಬಹುದು? ನಾನು ಹೇಳಿದ್ದು ಇಷ್ಟು. ಕಡಲ ಯಂತ್ರಗಳು ಹೆಚ್ಚಾಗಿ ಸೋಲುವುದು ದೊಡ್ಡ ತತ್ವದಲ್ಲಲ್ಲ. ಸೀಲ್ ಸೋರುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ, ಚಿಪ್ಪಿನ ಜೀವಿಗಳು ಅಂಟಿ ಭಾರ ಹೆಚ್ಚಾಗುತ್ತದೆ, ಕೇಬಲ್ ಉಜ್ಜಿ ಸವೆಯುತ್ತದೆ. ಅಕ್ಟೋಬರ್‌ನಲ್ಲಿ ನಿಮ್ಮ ಸೀಲ್, ಬೇರಿಂಗ್‌ಗಳನ್ನು ಬೇರೆ ಬೇರೆ ಲೋಹದಲ್ಲಿ, ಬೇರೆ ಬೇರೆ ಪೇಂಟಿನಲ್ಲಿ ಮಾಡಿ, ಉಕ್ಕಿನ ಚೌಕಟ್ಟಿಗೆ ಕಟ್ಟಿ. ಮೀನುಗಾರಿಕೆ ಇಲಾಖೆಯ ಒಪ್ಪಿಗೆ ಪಡೆದು, ಮೀನುಗಾರರ ಸಂಘದ ಜೊತೆ ಮಾತಾಡಿ, ಮಲ್ಪೆ ದಕ್ಕೆಯಲ್ಲಿ ನೀರಿಗೆ ಇಳಿಸಿ. ಪ್ರತಿ ತಿಂಗಳು ಒಂದನ್ನು ಎತ್ತಿ, ತೂಕ ಮಾಡಿ, ಫೋಟೋ ತೆಗೆದು, ಬರೆದಿಡಿ. ಮಳೆಗಾಲದಲ್ಲೂ ಅಲ್ಲೇ ಬಿಡಿ. ಅರಬ್ಬಿ ಕಡಲಿನ ನೀರಿನಲ್ಲಿ ಒಂದು ವರ್ಷ ಇದ್ದ ಭಾಗಗಳ ಅಂಥ ದಾಖಲೆ ನಿಮ್ಮ ಹತ್ತಿರ ಇದ್ದರೆ, ಯಂತ್ರ ಮಾಡುವ ಕಂಪನಿಗಳು ಅದನ್ನು ಹುಡುಕಿಕೊಂಡು ಪೀಣ್ಯಕ್ಕೆ ಬರುತ್ತವೆ. ಎನ್‌ಐಟಿಕೆಯ ವಿದ್ಯಾರ್ಥಿಗಳಿಬ್ಬರು ಸಭೆಯಲ್ಲೇ ಇದ್ದರು, ತೂಕ ಮಾಡಿ ಬರೆದಿಡುವ ಕೆಲಸ ನಾವು ಮಾಡುತ್ತೇವೆ ಎಂದು ಅವರು ಅಲ್ಲೇ ಫೋನ್ ನಂಬರ್ ತೆಗೆದುಕೊಂಡರು.